ಕುಳಿತು ಏಳಲು ತಿಂಗಳಿಗೆ ನಾಲ್ಕು ಸಾವಿರ

ಒಬ್ಬೊಬ್ಬರಿಗೆ ಒಂದೊಂದು ಹೆದರಿಕೆ. ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಕಚೇರಿಯ ಸಾಹೇಬರಿಗೆ. ಪುಕ್ಕಟೆ ಸಿಗುವ ವಸ್ತುವಿಗೆ ಎಲ್ಲಿ ದುಡ್ಡು ಕೊಟ್ಟುಬಿಡುತ್ತೇನೋ ಎಂಬುದು ನನ್ನ ಹೆದರಿಕೆ. ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿ ಕೊಂಡರೆ ಆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ಊರ ಮಗ್ಗುಲಲ್ಲೇ ಕಾಲುವೆ ತುಂಬಿ ಹರಿಯುತ್ತಿದೆಯಲ್ಲ ಎಂದು ಮನಸ್ಸು ಕೊರೆಯುತ್ತಿರುತ್ತದೆ. ಇಂಥ ನಾನು ಈ ವರ್ಷ ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ಯಾವುದಕ್ಕೆ ಗೊತ್ತೆ? ಕುಳಿತು ಏಳುವುದನ್ನು ಕಲಿಸಿಕೊಡಲು ಒಬ್ಬ ತರುಣನಿಗೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಕೊಡಬೇಕೋ ಬೇಡವೋ ಎಂಬುದಕ್ಕೆ. ಕುಳಿತು ಏಳುವ ವಿದ್ಯೆಯನ್ನು ನನಗೆ ಅಮ್ಮಿ ಕೈ ಹಿಡಿದು ಪುಕ್ಕಟೆ ಕಲಿಸಿದ್ದಳು. ಮುಂದೆ ಶಾಲೆಯಲ್ಲಿ ಮಾಸ್ತರರು ವಾರಕ್ಕೆರಡು ಸಲ ಬಸ್ಕಿ ಹೊಡೆಸಿ ಅದನ್ನು ಪಕ್ಕಾ ಮಾಡಿಸಿದರು. ಅವರೂ ಫೀ ಕೇಳಿರಲಿಲ್ಲ.

ಗಂಗಾವತಿಯಲ್ಲಿ ಮೂವತ್ತು ವರ್ಷದಿಂದ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಸರು ಮೌಲಾಸಾಬ, ಗಿರಾಕಿಗಳಿಗೆ ಮಾಸ್ಟರ್. ಹಿಂದೆ ದಿನವಿಡೀ ಮಷೀನು ತುಳಿಯುತ್ತಿದ್ದೆ. ಆಗ ಎರಡು ರೊಟ್ಟಿ ಹೆಚ್ಚಿಗೆ ತಿಂದರೂ ಸಂಜೆಯೊಳಗೆ ಕರಗುತ್ತಿತ್ತು. ಐದಾರು ವರ್ಷದ ಕೆಳಗೆ ಎಲ್ಲರಂತೆ ನಾನೂ ಮಷೀನಿಗೆ ಮೋಟರು ಕೂಡಿಸಿದೆ. ಕಾಲುಗಳಿಗೆ ರಜೆ ಸಿಕ್ಕಿತು, ರೊಟ್ಟಿಗಳಿಗೆ ಸಿಗಲಿಲ್ಲ. ಹೊಟ್ಟೆ ಮುಂದೆ ಬಂತು. ಟೇಲರನಿಗೆ ಹೊಟ್ಟೆ ಬರುವುದು ಗೊತ್ತಾಗುವುದಿಲ್ಲ, ಯಾಕೆಂದರೆ ಪ್ಯಾಂಟು ಬಿಗಿಯಾದಾಗಲೆಲ್ಲ ತಾನೇ ಒಳಗಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಳ್ಳುತ್ತಾನೆ. ಬೇರೆಯವರ ಪ್ಯಾಂಟು ಸಡಿಲಿಸುವಾಗ "ಬಟ್ಟಿ ಒಗದು ಒಗದು ಕುಗ್ಗೇತ್ರಿ" ಎಂದು ಅವರ ಮರ್ಯಾದೆ ಕಾಪಾಡುವುದು ನಮ್ಮ ಕಸುಬಿನ ರಿವಾಜು. ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡು, ನಂಬಿಕೊಂಡು ಬಂದಿದ್ದೆ.

ಆಮೇಲೆ ಮೊಣಕಾಲು ಹಿಡಿಯಿತು. ನೆಲಕ್ಕೆ ಕೂತರೆ ಏಳಲು ಬಾರದು, ಎದ್ದರೆ ಮತ್ತೆ ಕೂಡಲು ಧೈರ್ಯವಿಲ್ಲ. ಅಂಗಡಿಯಲ್ಲಿ ಹೇಗೋ ನಡೆಯುತ್ತಿತ್ತು, ಕಟಿಂಗ್ ಟೇಬಲ್ಲಿನ ಮುಂದೆ ನಿಂತೇ ಕೆಲಸ. ಕಷ್ಟವಾದದ್ದು ಮಸೀದಿಯಲ್ಲಿ. ನಮಾಜಿನಲ್ಲಿ ಬಾಗಬೇಕು, ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಬೇಕು, ಮತ್ತೆ ಏಳಬೇಕು. ಒಂದು ಶುಕ್ರವಾರ ಎಲ್ಲರೂ ಎದ್ದು ನಿಂತರೂ ನಾನೊಬ್ಬ ನೆಲದ ಮೇಲೆ ಅಂಗೈ ಊರಿ ಒದ್ದಾಡುತ್ತಿದ್ದೆ. ಮರುವಾರದಿಂದ ಹಿಂದಿನ ಗೋಡೆಗೆ ಹತ್ತಿ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿಗೆ ಹೋದೆ. ಅಲ್ಲಿರುವವರೆಲ್ಲ ಎಪ್ಪತ್ತು ದಾಟಿದವರು, ನಾನು ಐವತ್ಮೂರರವನು. ಪಕ್ಕದ ಕುರ್ಚಿಯಲ್ಲಿ ಇಮಾಮಸಾಬ್ ಚಾಚಾ ಇದ್ದರು. ಅಕ್ಕಿ ಲಾರಿ ಓಡಿಸಿ ಓಡಿಸಿ ಎರಡೂ ಮೊಣಕಾಲು ಕಳೆದುಕೊಂಡವರು. ನನ್ನನ್ನು ನೋಡಿ ಅವರಿಗೆ ನಿಜವಾಗಿಯೂ ಖುಷಿಯಾಯಿತು.

"ಬಾ ಮೌಲಾ, ಕುಂದ್ರು. ಗಾಳಿ ಛಲೋ ಬರ್ತೈತಿ ಇಲ್ಲೆ. ಈ ಕುರ್ಚಿಗೆ ಬಂದಾಂವ ತಿರುಗಿ ಚಾಪಿಗೆ ಹೋಗಿದ್ದು ನಾ ಅಂತೂ ನೋಡಿಲ್ಲ," ಎಂದರು.

ಸಮಾಧಾನಕ್ಕೆಂದು ಹೇಳಿದ ಮಾತೇ ಅದು. ಆದರೆ ನನಗೆ ಅದು ತೀರ್ಪಿನಂತೆ ಕೇಳಿಸಿತು. ನಮ್ಮ ಅಪ್ಪ ಎಪ್ಪತ್ತೆಂಟರವರೆಗೂ ಹಣೆಯನ್ನು ನೆಲಕ್ಕೆ ಹಚ್ಚಿಯೇ ನಮಾಜು ಮಾಡಿದವರು. ಕುರ್ಚಿಯಲ್ಲಿ ಕೂತು ಮಾಡಿದರೂ ನಮಾಜು ನಮಾಜೇ, ಅದರಲ್ಲಿ ದೋಷವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತು. ಆದರೂ ಮುಂದೆ ನೂರು ಬೆನ್ನುಗಳು ಒಟ್ಟಿಗೆ ಬಾಗಿ ನೆಲ ಮುಟ್ಟುವಾಗ ನಾನೊಬ್ಬ ಮೇಲೆ ಕೂತು ತಲೆ ಆಡಿಸುವುದು ಎಂಟು ತಿಂಗಳಾದರೂ ರೂಢಿಯಾಗಲಿಲ್ಲ. ಇನ್ನು ಈ ಜನ್ಮದಲ್ಲಿ ಆ ನೆಲ ನನ್ನ ಹಣೆಗೆ ಸಿಗುವುದಿಲ್ಲವೇನೋ ಎಂದು ಅಲ್ಲೇ ಕೂತು ಅಂಜುತ್ತಿದ್ದೆ.

ಡಾಕ್ಟರರು ಮೊಣಕಾಲಿನ ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, "ಮೌಲಾಸಾಬ್ರ, ಎಲುಬು ಛಲೋ ಅದಾವ. ತೊಡಿಯಾಗ ಬಲ ಇಲ್ಲ, ಹೊಟ್ಟಿ ಭಾರ ಐತಿ. ಹಿಂಗ ಬಿಟ್ರ ಮುಂದ ಏಳಾಕ ಕುರ್ಚೀನೂ ಸಾಲಂಗಿಲ್ಲ. ವ್ಯಾಯಾಮ ಮಾಡ್ರಿ. ಆದ್ರ ನೀವ ಮಾಡಾಕ ಹೋಗಿ ಒಂದಕ್ಕ ಎರಡು ಮಾಡ್ಕೋಬ್ಯಾಡ್ರಿ, ಕಲಿಸೋರ ಮುಂದ ಮಾಡ್ರಿ," ಎಂದರು. ಕಲಿಸುವವರು ಯಾರೆಂದು ವಿಚಾರಿಸಿದಾಗ ನಾಲ್ಕು ಸಾವಿರದ ಸುದ್ದಿ ಬಂತು. ಜಿಮ್ಮಿನಲ್ಲಿ ಬಸವರಾಜ ಎಂಬ ಟ್ರೇನರ್ ಇದ್ದಾನಂತೆ, ನಮಗೊಬ್ಬರಿಗೇ ನಿಂತು ಹೇಳಿಕೊಡುತ್ತಾನಂತೆ, ವಯಸ್ಸಾದವರನ್ನು ಜೋಪಾನವಾಗಿ ನೋಡಿಕೊಳ್ಳುತ್ತಾನಂತೆ. ವಯಸ್ಸಾದವರು ಎಂಬ ಮಾತಿಗಿಂತ ನಾಲ್ಕು ಸಾವಿರ ಎಂಬ ಮಾತು ಹೆಚ್ಚು ನೋಯಿಸಿತು. ನನ್ನ ಲೆಕ್ಕವೆಲ್ಲ ಅಂಗಿಯಲ್ಲಿ. ನಾಲ್ಕು ಸಾವಿರವೆಂದರೆ ಹತ್ತು ಅಂಗಿ. ಹತ್ತು ಕಾಲರು, ಇಪ್ಪತ್ತು ತೋಳು, ಎಪ್ಪತ್ತು ಗುಂಡಿ.

ಹೆಂಡತಿ ಮಾಬುಬೀಯನ್ನು ಕೇಳಿದೆ. ಮನೆಯಲ್ಲಿ ನಮ್ಮದು ಉರ್ದು, ಆದರೆ ಆಕೆ ಇರಕಲ್ಲಗಡ ಎಂಬ ಹಳ್ಳಿಯವಳು. ಸಿಟ್ಟು ಬಂದರೆ ಪೂರ್ತಿ ಕನ್ನಡಕ್ಕೆ ಇಳಿಯುತ್ತಾಳೆ. "ನಾಕ್ ಸಾವಿರ ಕೊಟ್ಟು ಕುಂತು ಏಳಾಕ ಕಲೀತೀರೇನು? ದಿನಾ ಮನಿ ನೆಲಾ ಒರಸ್ರಿ, ತಾನ ಬರ್ತೈತಿ. ಇಪ್ಪತ್ತೆಂಟು ವರ್ಷ ಆತು, ನಾ ಕುಂತು ಎದ್ದು ಒರಸಾಕ ಹತ್ತಿ. ನನಗ ಯಾವಾಂವ ಕೊಟ್ಟಾನ ನಾಕ್ ಸಾವಿರ?" ಎಂದಳು. ಆಕೆಯ ಲೆಕ್ಕ ಸರಿಯೇ ಇತ್ತು. ನೆಲ ಒರೆಸಲು ಮಾತ್ರ ನಾನು ಹೋಗಲಿಲ್ಲ.

ಪಕ್ಕದ ಕಿರಾಣಿ ಅಂಗಡಿಯ ಶರಣಪ್ಪ ನನ್ನ ಹಳೆಯ ಸ್ನೇಹಿತ. ಅವನು ಬೇರೆ ದಾರಿ ತೋರಿಸಿದ. "ಮಾಸ್ಟರ್, ಡಾಕ್ಟರ್ ವ್ಯಾಯಾಮ ಮಾಡು ಅಂದ್ರು, ರೊಕ್ಕಾ ಕಳಿ ಅಂದಿಲ್ಲ. ಮುಂಜಾನೆ ನನ್ನ ಕೂಡ ಬರ್ರಿ, ಕಾಲವಿ ದಂಡಿಗುಂಟ ಅಡ್ಡಾಡೂಣು. ಪುಕ್ಕಟ್ಟ." ಹೋದೆ. ಒಂದು ಮೈಲಿ ನಡೆದರೆ ಅಲ್ಲೊಂದು ಹೋಟೆಲು. ಮಂಡಕ್ಕಿ ಒಗ್ಗರಣಿಯ ವಾಸನೆ ನೂರು ಮಾರು ದೂರದಿಂದಲೇ ಕರೆಯುತ್ತದೆ. ನಡೆದು ದಣಿದವರಿಗೆ ಒಂದು ಪ್ಲೇಟು ಒಗ್ಗರಣಿ, ಎರಡು ಮಿರ್ಚಿ, ಒಂದು ಚಹಾ ಹೆಚ್ಚೇನಲ್ಲ ಎಂದು ಶರಣಪ್ಪ ಹೇಳಿದ. ನಾನೂ ಒಪ್ಪಿದೆ. ಇಪ್ಪತ್ತು ದಿನಗಳಲ್ಲಿ ಕಾಲುವೆಯ ದಂಡೆಯ ಪರಿಚಯವಾಯಿತು, ಹೋಟೆಲಿನವನ ಮಕ್ಕಳ ಹೆಸರು ಬಾಯಿಪಾಠವಾಯಿತು, ಪ್ಯಾಂಟು ಇನ್ನೊಂದು ಅರ್ಧ ಇಂಚು ಬಿಚ್ಚಬೇಕಾಯಿತು.

ಇನ್ನು ಉಳಿದದ್ದು ಮೊಬೈಲು. ಅದರಲ್ಲಿ ಎಲ್ಲವೂ ಪುಕ್ಕಟೆ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಷೀನಿಗೆ ಮೊಬೈಲು ಆನಿಸಿಟ್ಟು, ಅದರೊಳಗಿನವನು ಮಾಡಿದಂತೆ ಮೆಲ್ಲಗೆ ಕೆಳಗಿಳಿದೆ. ಇಳಿಯುವುದು ಚೆನ್ನಾಗಿಯೇ ಆಯಿತು. ಅವನು ಎದ್ದ, ನಾನು ಏಳಲಿಲ್ಲ. ಅಷ್ಟರಲ್ಲಿ ಕನಕಗಿರಿಯ ಗಿರಾಕಿಯೊಬ್ಬರು ತಮ್ಮ ಪ್ಯಾಂಟು ಒಯ್ಯಲು ಒಳಗೆ ಬಂದರು.

"ಯಾಕ್ರಿ ಮಾಸ್ಟರ್, ನೆಲದ ಮ್ಯಾಲ?"

"ಸೂಜಿ ಬಿದ್ದೈತ್ರಿ, ಹುಡುಕಾಕ ಹತ್ತೀನಿ," ಎಂದೆ.

ಅವರು ಒಳ್ಳೆಯ ಮನುಷ್ಯರು, ತಾವೂ ಚಪ್ಪಲಿ ಬಿಟ್ಟು ಕೂತು ಹುಡುಕತೊಡಗಿದರು. ಟೇಲರನ ಅಂಗಡಿಯ ನೆಲದಲ್ಲಿ ಸೂಜಿ ಸಿಗದೆ ಇರುತ್ತದೆಯೇ, ಅರ್ಧ ನಿಮಿಷದಲ್ಲಿ ಸಿಕ್ಕಿತು. "ಸಿಕ್ತಲ್ರಿ, ಏಳ್ರಿ," ಎಂದರು. "ಇನ್ನೊಂದು ಐತ್ರಿ," ಎಂದೆ. ಅದೂ ಸಿಕ್ಕಿತು. ಮೂರನೆಯದು ಬಿದ್ದಿದೆ ಎಂದಾಗ ಅವರು ನನ್ನ ಮುಖ ನೋಡಿದರು, ಆಮೇಲೆ ಮಷೀನಿನ ಮೇಲೆ ಇನ್ನೂ ಬಸ್ಕಿ ಹೊಡೆಯುತ್ತಿದ್ದ ಮೊಬೈಲಿನವನನ್ನು ನೋಡಿದರು. ಬಗಲಿಗೆ ಕೈ ಹಾಕಿ, ನೆಲ್ಲಿನ ಚೀಲ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು. "ಕಳದದ್ದು ಸೂಜಿ ಅಲ್ಲ ಬಿಡ್ರಿ, ಮೊಣಕಾಲು," ಎಂದು ಹೇಳಿ, ಪ್ಯಾಂಟು ತೆಗೆದುಕೊಂಡು ಹೋದರು. ಕನಕಗಿರಿಯ ವಾರದ ಸಂತೆಯಲ್ಲಿ ಈ ಸುದ್ದಿ ಎಷ್ಟು ಜನರಿಗೆ ಹಂಚಿಕೆಯಾಗುತ್ತದೋ ಎಂದು ನಾನು ಅಂದೆಲ್ಲ ಚಿಂತಿಸಿದೆ. ಮರುದಿನ ಬೆಳಗ್ಗೆ ಜಿಮ್ಮಿಗೆ ಹೋದೆ.

ಜಿಮ್ಮು ಗೊಬ್ಬರದ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿದೆ. ಮೊಣಕಾಲು ಸರಿಪಡಿಸುವ ಜಾಗವನ್ನು ಮೊಣಕಾಲು ಸರಿಯಿದ್ದವರು ಮಾತ್ರ ಮುಟ್ಟುವ ಎತ್ತರದಲ್ಲಿ ಯಾಕಿಡುತ್ತಾರೋ ಗೊತ್ತಿಲ್ಲ. ಕಂಬಿ ಹಿಡಿದು, ಮೂರು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದೆ. ಬಸವರಾಜ ತಳಕಲ್ಲಿನವನು. ಇಪ್ಪತ್ತಾರು ವಯಸ್ಸು, ಹುಬ್ಬಳ್ಳಿಯಲ್ಲಿ ಇದನ್ನೇ ಕಲಿತು ಬಂದಿದ್ದ. ಹೆಗಲು ಬಾಗಿಲಿನಷ್ಟು ಅಗಲ, ಮಾತು ಮಾತ್ರ ಸಣ್ಣದು. ನಾನು ರೂಢಿಯಂತೆ, "ಮೂರು ಸಾವಿರ ಮಾಡ್ಕೋ ತಮ್ಮಾ," ಎಂದೆ.

"ಚಾಚಾ, ಗಿರಾಕಿ ನೂರು ರೂಪಾಯಿ ಕಡಿಮಿ ಕೇಳಿದ್ರ ನೀವು ಅಂಗಿಗೆ ಒಂದ ತೋಳು ಹಚ್ಚಿ ಕೊಡ್ತೀರೇನು?" ಎಂದ.

ಮೂವತ್ತು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳುತ್ತ ಬಂದ ಮಾತು ಅದು. ಅದು ಎಷ್ಟು ಚುಚ್ಚುತ್ತದೆಂದು ಅವತ್ತೇ ಗೊತ್ತಾದದ್ದು. ಒಂದೇ ತಿಂಗಳು ನೋಡುತ್ತೇನೆ, ಫಲ ಕಂಡರೆ ಮುಂದೆ, ಇಲ್ಲವಾದರೆ ಸಲಾಮು ಎಂದು ಕರಾರು ಮಾಡಿಕೊಂಡೆ. ಅವನು ಟೇಪು ತಂದು ನನ್ನ ಸೊಂಟಕ್ಕೆ ಉಸಿರುಗಟ್ಟುವಂತೆ ಬಿಗಿದು, ನಲವತ್ತೆರಡು ಎಂದು ಪುಸ್ತಕದಲ್ಲಿ ಬರೆದುಕೊಂಡ.

ಮೊದಲ ಹತ್ತು ದಿನ ಅವನು ಏನು ಮಾಡಿಸಿದನೆಂದು ಹೇಳಿದರೆ ನೀವು ನಗುತ್ತೀರಿ. ಕುರ್ಚಿಯಿಂದ ಪಾರಾಗಲು ಹೋದವನನ್ನು ಕುರ್ಚಿಯ ಮೇಲೆಯೇ ಕೂರಿಸಿದ. ಕೂಡುವುದು, ಏಳುವುದು. "ಉಸಿರು ಬಿಡ್ರಿ, ಏಳ್ರಿ. ಕೈ ಹಚ್ಚಬ್ಯಾಡ್ರಿ ಚಾಚಾ." ಹತ್ತು ಸಲ, ಮತ್ತೆ ಹತ್ತು ಸಲ. ಸುತ್ತಲೂ ಹುಡುಗರು ಕಬ್ಬಿಣ ಎತ್ತಿ ಮುಖ ಕೆಂಪು ಮಾಡಿಕೊಳ್ಳುತ್ತಿದ್ದರೆ ನಾನು ಕುರ್ಚಿಯಿಂದ ಎದ್ದು ಕುರ್ಚಿಗೇ ಮರಳುತ್ತಿದ್ದೆ. ಇದಕ್ಕೆ ಹತ್ತು ಅಂಗಿಯೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅವನು ಒಂದು ಸಲ ಮೊಬೈಲು ನೋಡಿದರೂ ನನ್ನ ಒಂದು ಕಾಲರು ಹೋಯಿತೆನಿಸುತ್ತಿತ್ತು. ಆಮೇಲೆ ಕುರ್ಚಿ ಹೋಗಿ ಸ್ಟೂಲು ಬಂತು, ಸ್ಟೂಲು ಹೋಗಿ ಅದಕ್ಕಿಂತ ಗಿಡ್ಡ ಮಣೆ ಬಂತು. ಮೈಯೆಲ್ಲ ನೋವು. ಮನೆಯಲ್ಲಿ ಮಾಬುಬೀ, "ಪಾಯಜಾಮಾ ಯಾಕ ಜಾರಾಕ ಹತ್ತೈತಿ, ಲಾಡಿ ಬಿಗೀ ಕಟ್ರಿ," ಎಂದು ಒಂದೆರಡು ಸಲ ಅಂದಳು. ಲಾಡಿ ಹಳೆಯದಾಗಿದೆ ಎಂದೆ. ಕಸುಬಿನವನ ಬಾಯಿಗೆ ಮೊದಲು ಬರುವುದು ಬಟ್ಟೆಯ ದೋಷವೇ.

ತಿಂಗಳು ತುಂಬಿದ ದಿನ ಬಸವರಾಜ ನಗುತ್ತ, "ನೀವ ಟೇಲರ್ ಅದೀರಿ ಚಾಚಾ, ನಿಮ್ಮ ಅಳತಿ ನೀವ ನೋಡ್ಕೊಂಡು ಬರ್ರಿ. ನಾ ಅಳದ್ರ ನೀವು ನಂಬಂಗಿಲ್ಲ," ಎಂದ. ಅಂಗಡಿಗೆ ಬಂದು ಕನ್ನಡಿಯ ಮುಂದೆ ನಿಂತು ಟೇಪು ಸುತ್ತಿದೆ. ನಲವತ್ಮೂರು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಸುತ್ತಿದೆ. ನಲವತ್ಮೂರೇ. ಒಂದು ತಿಂಗಳು ಬೆವರು ಸುರಿಸಿ, ಒಗ್ಗರಣಿ ಬಿಟ್ಟು, ಹತ್ತು ಅಂಗಿ ಸುರಿದು ಒಂದು ಇಂಚು ಗಳಿಸಿದ್ದೆ. ದುಡ್ಡು ಹೋಯಿತೆಂಬ ಸಂಕಟ ಒಂದು ಕಡೆ, ಇನ್ನು ಕುರ್ಚಿಯೇ ಗತಿ ಎಂಬ ಭಯ ಇನ್ನೊಂದು ಕಡೆ. ಇವೆರಡೂ ಕೂಡಿದರೆ ನನ್ನಂಥ ಪುಕ್ಕಲನಿಗೆ ಸಿಟ್ಟು ಬರುತ್ತದೆ. ಸೀದಾ ಜಿಮ್ಮಿಗೆ ಹೋಗಿ ಎಲ್ಲರ ಮುಂದೆ, "ಕುರ್ಚಿ ಮ್ಯಾಲ ಕುಂದರಿಸಿ ನಾಕ್ ಸಾವಿರ ಎಣಿಸ್ಕೊಂಡಿ. ಹೊಟ್ಟಿ ಇಳಿಸ್ತೀನಿ ಅಂದಾಂವ ಏರಿಸಿ ಕೊಟ್ಟಿ. ಇದಕ್ಕಿಂತ ಜೇಬು ಕತ್ತರಿಸಿದ್ರ ಛಲೋ ಇತ್ತು," ಎಂದೆ. ಕಬ್ಬಿಣದ ಸಪ್ಪಳ ನಿಂತಿತು. ಬಸವರಾಜನ ಮುಖ ಸಣ್ಣದಾಯಿತು. ಜಗಳವಾಡಲಿಲ್ಲ. "ಆತ್ರಿ ಚಾಚಾ. ನಿಮಗ ಸಮಾಧಾನ ಇಲ್ಲಂದ್ರ ಅರ್ಧ ತೊಗೊಳ್ರಿ," ಎಂದು ಅಲ್ಲಿಂದಲೇ ನನ್ನ ಮೊಬೈಲಿಗೆ ಎರಡು ಸಾವಿರ ಹಾಕಿದ. ನಾನು ಬೇಡವೆನ್ನಬೇಕಿತ್ತು. ಬಂತೋ ಇಲ್ಲವೋ ಎಂದು ಅಲ್ಲೇ ನಿಂತು ನೋಡಿಕೊಂಡೆ.

ಸಂಜೆ ಶರಣಪ್ಪ ಹೊಸ ಪ್ಯಾಂಟಿಗೆ ಅಳತೆ ಕೊಡಲು ಬಂದ. ಅವನ ಸೊಂಟಕ್ಕೆ ಟೇಪು ಸುತ್ತಿ ನಂಬರು ಓದುತ್ತಿದ್ದೆ. "ಮಾಸ್ಟರ್, ಆ ಎರಡು ಬೆರಳು ಹೊರಗ ತಗೀರಿ. ನೀವು ಹೊಲಿದ ಪ್ಯಾಂಟು ಯಾವಾಗ್ಲೂ ಜಾರ್ತೈತಿ," ಎಂದ.

"ಬೆರಳು ಇಡಲಿಲ್ಲ ಅಂದ್ರ ಉಂಡ ಮ್ಯಾಲ ನೀ ಆ ಪ್ಯಾಂಟಿನಾಗ ಇರಂಗಿಲ್ಲೋ," ಎಂದು ನಗುತ್ತ ಹೇಳಿದವನು ಅರ್ಧಕ್ಕೇ ನಿಂತೆ. ನನ್ನ ಎಡಗೈಯ ಎರಡು ಬೆರಳು ಟೇಪಿಗೂ ಶರಣಪ್ಪನ ಹೊಟ್ಟೆಗೂ ನಡುವೆ ಅಡ್ಡಲಾಗಿ ನಿಂತಿದ್ದವು. ಕೂತಾಗ, ಉಂಡಾಗ ಬಿಗಿಯಾಗದಿರಲಿ ಎಂದು ಪ್ರತಿ ಟೇಲರನೂ ಬಿಡುವ ಸಡಿಲು ಅದು. ಕಲಿಯುವಾಗ ನಮ್ಮ ಉಸ್ತಾದರು ಬೆರಳು ಮರೆತರೆ ಅದೇ ಬೆರಳಿಗೆ ಕಟ್ಟಿಗೆಯ ಸ್ಕೇಲಿನಿಂದ ಹೊಡೆಯುತ್ತಿದ್ದರು. ಈಗ ನಾನು ಇಡುವುದಿಲ್ಲ, ಅವೇ ಹೋಗಿ ಕೂಡುತ್ತವೆ. ಬೆಳಗ್ಗೆ ನನ್ನ ಸೊಂಟದ ಮೇಲೂ ಹೋಗಿ ಕೂತಿದ್ದವು. ಶರಣಪ್ಪನ ಕೈಗೇ ಟೇಪು ಕೊಟ್ಟು, ಬಿಗಿಯಾಗಿ ಹಿಡಿದು ನನ್ನನ್ನು ಅಳೆ ಎಂದೆ. ಅವನು ಕಣ್ಣು ಕಿರಿದು ಮಾಡಿ ಓದಿದ, ನಲವತ್ತೊಂದು.

ಕುಣಿಯಬೇಕಿತ್ತು, ಕುಣಿಯಲಾಗಲಿಲ್ಲ. ಆ ತರುಣನಿಗೆ ಹತ್ತು ಜನರ ಮುಂದೆ ಜೇಬುಗಳ್ಳ ಎಂದು ಬಂದಿದ್ದೆ. ಶರಣಪ್ಪನನ್ನು ಅರ್ಧ ಅಳತೆಯಲ್ಲೇ ಬಿಟ್ಟು ಓಡಿದೆ. ಬಸವರಾಜ ಊರು ಬಿಟ್ಟು ಹೋಗಿರುತ್ತಾನೇನೋ, ಸಿಕ್ಕರೂ ಮಾತಾಡುತ್ತಾನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಇಲ್ಲದ್ದೆಲ್ಲ ಕಲ್ಪಿಸಿಕೊಂಡೆ. ಜಿಮ್ಮಿನ ಬಾಗಿಲಲ್ಲಿ ನಿಂತು ಬೆರಳಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ, "ತಪ್ಪಾತಪಾ," ಎಂದು ಎರಡು ಸಾವಿರ ತಿರುಗಿ ಹಾಕಿದೆ. ಅವನು ನನ್ನ ಹಿಂದಿನ ಮೆಟ್ಟಿಲುಗಳ ಕಡೆ ನೋಡುತ್ತಿದ್ದ.

"ಅಳತಿ ಇರ್ಲಿ ಬಿಡ್ರಿ ಚಾಚಾ. ಈಗ ಹತ್ತಿ ಬಂದ್ರಲ್ಲ, ಎಷ್ಟು ಕಡೆ ನಿಂತ್ರಿ?"

ನೆನಪು ಮಾಡಿಕೊಂಡೆ. ಎಲ್ಲಿಯೂ ನಿಂತಿರಲಿಲ್ಲ. ಕಂಬಿಯನ್ನೂ ಮುಟ್ಟಿರಲಿಲ್ಲ. "ಮತ್ತ ನಾಳೆ ಬರ್ರಿ," ಎಂದು ಅವನು ಬೇರೆಯವರ ಕಡೆ ಹೊರಳಿದ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ, ಎರಡನೆಯ ತಿಂಗಳಿಗೂ ನಾಲ್ಕು ಸಾವಿರವೇ ತೆಗೆದುಕೊಂಡ. ನಾನು ಚೌಕಾಸಿ ಮಾಡಲಿಲ್ಲ.

ಎರಡನೆಯ ತಿಂಗಳ ಕೊನೆಯ ಶುಕ್ರವಾರ ಮಸೀದಿಯಲ್ಲಿ ಕುರ್ಚಿಯ ಸಾಲು ದಾಟಿ ಮುಂದೆ ಹೋಗಿ ಚಾಪೆಯ ಮೇಲೆ ನಿಂತೆ. ಈ ಸಲವೂ ಎಲ್ಲರ ನಡುವೆ ಅಂಗೈ ಊರಿ ಉಳಿದುಬಿಟ್ಟರೆ ಇನ್ನೆಂದೂ ಇತ್ತ ಬರುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಎಲ್ಲರೂ ಬಾಗಿದರು, ನಾನೂ ಬಾಗಿದೆ. ಮಂಡಿ ನೆಲಕ್ಕೆ ಬಂತು, ಅಂಗೈ ಬಂತು, ಎಂಟು ತಿಂಗಳು ಮೇಲಿನಿಂದ ನೋಡಿದ ಚಾಪೆಗೆ ಹಣೆ ಹತ್ತಿತು. ಒಳಗಿನಿಂದ ಅಳು ಬಂತು, ನಾಚಿಕೆ ಪಡದೆ ಹೇಳುತ್ತಿದ್ದೇನೆ. ಏಳುವ ಹೊತ್ತಿಗೆ ಓದಬೇಕಾದದ್ದನ್ನು ಮರೆತು "ಉಸಿರು ಬಿಡ್ರಿ, ಏಳ್ರಿ" ಎಂಬುದಷ್ಟೇ ಕಿವಿಯಲ್ಲಿ ಕೇಳಿತು. ಉಸಿರು ಬಿಟ್ಟೆ, ಎದ್ದೆ. ಆ ನಮಾಜಿನ ತುಂಬ ನನ್ನ ಲಕ್ಷ್ಯವೆಲ್ಲ ಮೊಣಕಾಲಿನಲ್ಲೇ ಇದ್ದದ್ದರಿಂದ, ಮನೆಗೆ ಹೋದ ಮೇಲೆ ಇನ್ನೊಮ್ಮೆ ದೇವರ ಕ್ಷಮೆ ಕೇಳಿಕೊಂಡೆ.

ಹೊರಗೆ ಮೆಟ್ಟಿಲ ಬಳಿ ಇಮಾಮಸಾಬ್ ಚಾಚಾ ನನ್ನ ಮುಂಗೈ ಹಿಡಿದುಕೊಂಡರು. "ಮೌಲಾ, ಎದ್ದೆಲ್ಲೋ. ನನ್ನ ಮಗ್ಗಲದಾಗ ಇದ್ದಾಂವ ಹೆಂಗ ಎದ್ದಿ? ಏನ್ ಮಾಡಿದಿ ಹೇಳು," ಎಂದರು. ಸುತ್ತಲೂ ಹತ್ತಾರು ಜನ, ಅರ್ಧಕ್ಕರ್ಧ ನನ್ನ ಗಿರಾಕಿಗಳು. ಕುಳಿತು ಏಳುವುದಕ್ಕೆ ತಿಂಗಳಿಗೆ ನಾಲ್ಕು ಸಾವಿರ ಕೊಡುವವನೆಂದು ತಿಳಿದರೆ, ಇವನಿಗೆ ದುಡ್ಡು ಹೆಚ್ಚಾಗಿದೆ ಎಂದು ನಾಳೆಯಿಂದ ಒಬ್ಬರೂ ಹೊಲಿಗೆಯ ಕೂಲಿಯನ್ನು ಪೂರ್ತಿ ಕೊಡುವುದಿಲ್ಲ, ಮೇಲೆ ನಗುತ್ತಾರೆ. ಬಾಯಿಗೆ ಬಂದ ಬಸವರಾಜನ ಹೆಸರನ್ನು ನುಂಗಿ, "ಎಲ್ಲಾ ಅಲ್ಲಾನ ದಯಾ, ಚಾಚಾ," ಎಂದುಬಿಟ್ಟೆ.

ಸುಳ್ಳೇನಲ್ಲ ಅದು. ಆದರೆ ಚಾಚಾ ನನ್ನ ಕೈ ಬಿಟ್ಟು, ತಮ್ಮ ಮೊಣಕಾಲನ್ನು ನೋಡಿಕೊಂಡರು. "ಹಂಗಾರ ನನ್ನ ದುವಾದಾಗ ಏನೋ ಕಮ್ಮಿ ಐತಿ. ನಾಕು ವರ್ಷ ಆತು ಕೇಳಾಕ ಹತ್ತಿ," ಎಂದರು.

ಒಂದು ಸಲ ಬಸವರಾಜನ ಅರ್ಧ ಕೂಲಿಯನ್ನು ವಾಪಸು ತಂದಿದ್ದೆ, ಈ ಸಲ ಅವನ ಹೆಸರು ಹೇಳದೆ ಪೂರ್ತಿ ತಂದಂತಾಯಿತು. ಅದರ ಮೇಲೆ ಒಬ್ಬ ಮುದುಕನಿಗೆ ತನ್ನ ಪ್ರಾರ್ಥನೆಯ ಮೇಲೆಯೇ ಸಂಶಯ ಬರುವಂತೆ ಮಾಡಿದೆ. ಚಾಚಾ, ನಿಮ್ಮ ದುವಾದಲ್ಲಿ ಏನೂ ಕಮ್ಮಿ ಇಲ್ಲ, ನೀವು ಕೇಳುತ್ತಿರುವುದು ಗೊಬ್ಬರದ ಅಂಗಡಿಯ ಮೇಲೆ ಎರಡನೆಯ ಮಹಡಿಯಲ್ಲಿ ಸಿಗುತ್ತದೆ, ಮೊದಲ ತಿಂಗಳ ನಾಲ್ಕು ಸಾವಿರ ನಾನು ಕೊಡುತ್ತೇನೆ, ಮೆಟ್ಟಿಲು ಹತ್ತುವಾಗ ಕೈಯನ್ನೂ ಹಿಡಿಯುತ್ತೇನೆ ಎಂದು ಹೇಳುವುದನ್ನು ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಬಾಯಿಪಾಠ ಮಾಡಿಕೊಂಡಿದ್ದೇನೆ. ಹೇಳದೆಯೇ ಮೂರು ಶುಕ್ರವಾರ ಕಳೆದವು. ಈಗ ನನಗೆ ಬಾಗುವುದು ಕಷ್ಟವಿಲ್ಲ, ಏಳುವುದೂ ಕಷ್ಟವಿಲ್ಲ. ನಮಾಜು ಮುಗಿದ ಮೇಲೆ ಹಿಂದಿನ ಕುರ್ಚಿಗಳ ಕಡೆಗೆ ಮುಖ ತಿರುಗಿಸುವುದಷ್ಟೇ ಆಗುತ್ತಿಲ್ಲ.